ಹಿಂದಕ್ಕೆ ಹರಿದ ಹೊಳೆ

ಬಸ್ಸಿನ ಕಿಟಕಿಯಿಂದ ಉಪ್ಪುಗಾಳಿ ಬಡಿದ ಕೂಡಲೇ ಅಜ್ಜಿಯ ಹಿಡಿತ ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಕೊಪ್ಪದಿಂದ ಮೊದಲ ಸಲ ಕಡಲು ನೋಡಲು ಹೊರಟಿದ್ದೆವು. ಕುಂದಾಪುರದ ಹತ್ತಿರ ಉದ್ದನೆಯ ಸೇತುವೆಯ ಮೇಲೆ ಜೀಪು ನಿಲ್ಲಿಸಿ ಅಪ್ಪ ಕಾಲು ತೊಳೆಯಲು ಹೊಳೆಗಿಳಿದರು. ಕಂಬಿ ಹಿಡಿದು ಬಗ್ಗಿದ ಅಜ್ಜಿ ನನ್ನ ರಟ್ಟೆ ಅಮುಕಿದಳು. ತೆಂಗಿನ ಸಿಪ್ಪೆಯೊಂದು ಕಡಲಿನಿಂದ ಘಟ್ಟದ ಕಡೆಗೆ ತೇಲುತ್ತಿತ್ತು.

"ನೀರು ಹಿಂದಕ್ಕೆ ಹರೀತಿದೆ. ನೆರೆ ಬಂತು, ಮೇಲೆ ಬಾರೋ," ಎಂದು ಕೂಗಿದಳು.

ನಮ್ಮಲ್ಲಿ ತುಂಗೆ ಉಕ್ಕಿದಾಗ ಮಾತ್ರ ಹಳ್ಳ ಹಿಂದಕ್ಕೆ ಹರಿಯುತ್ತಿತ್ತು. ಆಗ ದನ ಬಿಚ್ಚಿ ಗುಡ್ಡ ಹತ್ತುತ್ತಿದ್ದೆವು. ಅಪ್ಪನಿಗೆ ಕೇಳಿಸಲಿಲ್ಲ. ನಾನು ಅಳತೊಡಗಿದೆ.

ಮೀನುಬುಟ್ಟಿಯ ಹೆಂಗಸೊಬ್ಬಳು ನಿಂತು, "ಹೆದ್ರ್‌ಬೇಡಿ ಅಮ್ಮ, ಇದು ಉಬ್ಬರ. ದಿನಾ ಬತ್ತ್," ಎಂದಳು. ಅಪ್ಪ ಬರುವವರೆಗೂ ಅಜ್ಜಿ ಕೈ ಸಡಿಲಿಸಲಿಲ್ಲ.

ಬಸ್ಸು ಅದೇ ಸೇತುವೆ ಹತ್ತಿತು. ಇವತ್ತೂ ನೀರು ಘಟ್ಟದ ಕಡೆಗೇ ಹರಿಯುತ್ತಿತ್ತು. ಉಬ್ಬರವೆಂದು ನನಗೆ ಗೊತ್ತು.

"ಅಮ್ಮಾ, ಕೈ ನೋಯ್ತಿದೆ," ಎಂದಳು ಪಕ್ಕದಲ್ಲಿದ್ದ ಮಗಳು.