ಲುಸುಂಗು ಅಕ್ಕನ ಹೆಬ್ಬೆರಳು

ರಾಜಧಾನಿ ಲಿಲೊಂಗ್ವೆಯ ಕಚೇರಿಗೆ ಕೆಲಸಕ್ಕೆ ಸೇರಿದ ಮೊದಲ ದಿನ, ತಡವಾದೀತೆಂಬ ಗಾಬರಿಗೆ ನಾನು ತುಂಬಾ ಬೇಗ ಹೋಗಿದ್ದೆ. ಒಳಗೆ ಒಬ್ಬ ಹೆಂಗಸು ಮಾತ್ರ ಇದ್ದರು. ನೀಲಿ ಚಿತೆಂಜೆ ಬಟ್ಟೆ ಹೊದ್ದು, ತಣ್ಣಗಾದ ಗಂಜಿಯ ಪಕ್ಕ ಫೋನ್ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ನಾನು ಮಾತನಾಡಿಸಲು ಹೋದರೆ ಕೈಯೆತ್ತಿ ತಡೆದರು. ಫೋನ್ ಬೆಳಗಿತು. ಹೆಬ್ಬೆರಳು ಒತ್ತಿದರು. ಆಮೇಲೆ ತಿರುಗಿ, "ಈಗ ಹೇಳಪ್ಪಾ, ಯಾವೂರ ಹುಡುಗ ನೀನು?" ಎಂದರು.

"ಮ್ಜಿಂಬಾ ಕಡೆ ಹಳ್ಳಿ, ಅಕ್ಕ."

"ನಾನು ಸರೋವರದ ದಂಡೆಯವಳು, ಲುಸುಂಗು ಅಂತ. ಮೀನು ಕಂಡಿದೀಯೋ, ಬರೀ ಜೋಳ ತಿಂದೇ ಬೆಳೆದ್ಯೋ?"

"ಮೀನೂ ಕಂಡಿದೀನಿ ಅಕ್ಕ, ಒಣಗಿದ್ದು."

ನಮ್ಮದು ಚಿಕಿತ್ಸಾಲಯಗಳಿಗೆ ಔಷಧಿ ಹಂಚುವ ಸಂಸ್ಥೆ. ಎಲ್ಲ ಕಡೆಯ ದಾಸ್ತಾನಿನ ವಿವರ ಕ್ಲೌಡ್‌ನಲ್ಲಿರುವ ದತ್ತಾಂಶ ಉಗ್ರಾಣಕ್ಕೆ ಬಂದು ಬೀಳುತ್ತದೆ. ಅಲ್ಲಿನ ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಶುರುಮಾಡುವುದು ಶೆಡ್ಯೂಲರ್ ಎಂಬ ಇನ್ನೊಂದು ತಂತ್ರಾಂಶ. ಎರಡನ್ನೂ ಜೋಡಿಸಿದವರು ಲುಸುಂಗು ಅಕ್ಕ. ಅವಸರದಲ್ಲಿ ತಮ್ಮದೇ ಲಾಗಿನ್ ಕೊಟ್ಟಿದ್ದರು. ಹಾಗಾಗಿ ಪ್ರತಿ ಬೆಳಗ್ಗೆ ಉಗ್ರಾಣ ಅವರ ಫೋನಿನಲ್ಲಿ ಕೇಳುತ್ತಿತ್ತು: ಇದು ನೀವೇನಾ? ಹೆಬ್ಬೆರಳು ಒತ್ತದಿದ್ದರೆ ಆ ದಿನದ ಔಷಧಿ ಪಟ್ಟಿ ಸಿದ್ಧವಾಗದು, ಲಾರಿ ಹೊರಡದು.

ಅವರ ಊರಿಗೆ ನ್ಖಾಟಾ ಬೇ ಬಂದರಿನಿಂದ ದೋಣಿಯಲ್ಲೇ ಹೋಗಬೇಕು. ಅಲ್ಲಿ ಸಿಗ್ನಲ್ ಇಲ್ಲ. ಅಣ್ಣ ತೀರಿಕೊಂಡಾಗ ಮಣ್ಣಿಗೂ ಹೋಗಲಾಗಿರಲಿಲ್ಲ. ಈಗ ಅವನ ಸಮಾಧಿಗೆ ಕಲ್ಲು ನಿಲ್ಲಿಸಿದ್ದರು. ಅನಾವರಣದ ದಿನ ಕಲ್ಲಿಗೆ ಹೊದಿಸಿದ ಬಟ್ಟೆಯನ್ನು ಒಡಹುಟ್ಟಿದ ತಂಗಿ ಎಳೆಯುವುದು ಅಲ್ಲಿನ ಪದ್ಧತಿ. ಅದಕ್ಕಾದರೂ ಹೋಗಲೇಬೇಕೆಂದು ಅಕ್ಕ ಹಟ ಹಿಡಿದರು. ಶೆಡ್ಯೂಲರ್‌ಗೆ ಬೇರೆ ಲಾಗಿನ್ ಮಾಡಲು ಮುಖ್ಯಸ್ಥ ಕಲುವಾ ಅವರ ಒಪ್ಪಿಗೆ ಬೇಕಿತ್ತು.

"ಓಡ್ತಿರೋ ಗಾಡಿ ಚಕ್ರ ಯಾಕಮ್ಮಾ ಬಿಚ್ತೀಯ?" ಎಂದರು ಅವರು.

"ಗುರುವಾರ ನಾನು ಹೊರಟೆ ಸಾರ್. ಹೆಬ್ಬೆರಳು ಬೇಕಿದ್ರೆ ಕುಯ್ದು ಇಟ್ಕೊಳ್ಳಿ."

"ಅಯ್ಯೋ ಮಾರಾಯ್ತಿ, ಏನಾದ್ರೂ ಮಾಡ್ಕೊ!"

ನಾವಿಬ್ಬರೂ ಕೂತು ಶೆಡ್ಯೂಲರ್‌ಗೆಂದೇ ಒಂದು ಖಾತೆ ತೆರೆದು, ಬೇಕಾದ ಅನುಮತಿಗಳನ್ನು ಕೊಟ್ಟು, ಯಾರ ಹೆಬ್ಬೆರಳೂ ಬೇಡದ ಗುಪ್ತ ಕೀಲಿ ಜೋಡಿಸಿದೆವು. ಮೊದಲ ಸಲ ಒಂದು ಅನುಮತಿ ಬಿಟ್ಟುಹೋಗಿ ಕೆಲಸ ನಿಂತಿತು. ಸರಿಪಡಿಸಿದೆವು. ಮರುದಿನ ಬೆಳಗ್ಗೆ ಫೋನ್ ಬೆಳಗಲಿಲ್ಲ; ಪಟ್ಟಿ ತಾನಾಗಿ ಬಂತು. ಅಕ್ಕ ಫೋನನ್ನೇ ನೋಡುತ್ತ ಕೂತರು.

"ಈ ಊರಲ್ಲಿ ದಿನಾ ನನ್ನ ವಿಚಾರಿಸ್ಕೊಳ್ತಿದ್ದದ್ದು ಇದೊಂದೇ ಕಣೋ," ಎಂದು ನಕ್ಕರು.

ಅಕ್ಕ ಊರಿಂದ ಮರಳಿದಾಗ ಕೇಳಿದೆ: "ಬಟ್ಟೆ ಎಳೆದ್ರಾ ಅಕ್ಕ?"

"ಚಿಕ್ಕಪ್ಪನ ಮಗಳು ಎಳೆದ್ಲು. ನಾನು ಬರ್ತೀನಿ ಅಂತ ಯಾರೂ ಅಂದ್ಕೊಂಡಿರ್ಲಿಲ್ಲ, ಅವಳಿಗೇ ಹೇಳ್ಬಿಟ್ಟಿದ್ರು. ಹೆಂಗಸ್ರೆಲ್ಲ ಚಾಪೆ ಮೇಲೆ ಕೂತಿದ್ರು. ನನಗೆ ಮಾತ್ರ, 'ಪಟ್ಟಣದ ನೆಂಟರು ಬಂದ್ರು' ಅಂತ ಕುರ್ಚಿ ತಂದ್ಹಾಕಿದ್ರು. ಕುರ್ಚಿ ಕಣೋ, ನನ್ನೂರಲ್ಲಿ!"

ನಾನು ಚಹಾ ತಂದುಕೊಟ್ಟೆ. ಆ ವರ್ಷವೇ ಅವರು ಊರಿಗೆ ಹತ್ತಿರವೆಂದು ಮ್ಜುಜುವಿಗೆ ವರ್ಗ ಕೇಳಿಕೊಂಡು ಹೋದರು. ಈಗ ಅಲ್ಲಿನ ಸಣ್ಣ ಕಚೇರಿಯಲ್ಲಿ ಒಬ್ಬರೇ ಇದೇ ಕೆಲಸ ನೋಡಿಕೊಳ್ಳುತ್ತಾರೆ; ತಿಂಗಳಿಗೊಮ್ಮೆ ದೋಣಿಯಲ್ಲಿ ಊರಿಗೆ ಹೋಗಿಬರುತ್ತಾರೆ.