ವಕೀಲರ ಕಪಾಟುಗಳ ಲಿಲಾವು

ಹುಣಸೆಮರಗಳ ಫಸಲಿರಲಿ, ಸಂತೆಯ ಕರವಿರಲಿ, ಲಿಲಾವು, ಅಂದರೆ ಹರಾಜು, ಕೂಗಲು ಬಸವನ ಬಾಗೇವಾಡಿಯಿಂದ ಇಂಡಿಯವರೆಗೆ ಮನಗೂಳಿಯ ಯಾಕೂಬಸಾಬರನ್ನೇ ಕರೆಸುತ್ತಿದ್ದರು. ಅಂಥ ದನಿ ಅವರದು. ಆ ದನಿ ಕೇಳಿಯೇ ಊರಿನ ಗುರುನಾಥ ವಕೀಲರು ಒಮ್ಮೆ ಅವರನ್ನು ಮನೆಗೆ ಕರೆಸಿದರು. ವಕೀಲರ ಕಣ್ಣು ಆಗಷ್ಟೇ ಹೋಗಿತ್ತು. ಮುತ್ತಜ್ಜನ ಕಾಲದಿಂದ ಕೂಡಿಟ್ಟ ಕಲ್ಲಚ್ಚಿನ ಪುಸ್ತಕಗಳು ಕಪಾಟುಗಳಲ್ಲಿ ಮೂಕವಾಗಿ ಕುಳಿತಿದ್ದವು.

"ಯಾಕೂಬಸಾಬ, ನನಗ ಇವನ್ನ ಓದಿ ಹೇಳ್ತಿಯೇನಪಾ?"

"ನಾ ಸಾಲಿ ಕಲ್ತದ್ದು ಭಾಳ ಕಡಿಮಿ ಐತ್ರಿ ಸಾಹೇಬ್ರ."

"ಇರ್ಲಿ ಬಿಡು. ನಂಗೂ ತಿಳೀಲಾರದ್ದು ಅದರಾಗ ಭಾಳ ಐತಿ."

ಅಂದಿನಿಂದ ಕೆಲಸವಿಲ್ಲದ ಸಂಜೆಗಳೆಲ್ಲ ಅಲ್ಲಿಯೇ ಕಳೆದವು. ಕಂಡರಿಯದ ಕಡಲು, ಹಡಗು, ಬಾಯಲ್ಲಿ ಹೆಸರೇ ತಿರುಗದ ಊರುಗಳ ಕಥೆಗಳನ್ನು ಯಾಕೂಬಸಾಬರು ಗಟ್ಟಿಯಾಗಿ ಓದುವರು. ನಾಲಿಗೆ ತೊಡರಿದರೆ ಇಬ್ಬರೂ ನಗುವರು. ವರ್ಷಗಳು ಹೀಗೇ ಉರುಳಿದವು. ಹೋದ ಮಳೆಗಾಲದಲ್ಲಿ ವಕೀಲರು ತೀರಿಕೊಂಡರು.

ವಿಜಯಪುರದಲ್ಲಿ ಟೀಚರ್ ಆಗಿದ್ದ ಅವರ ಮಗಳು ಮಾಲಾ ಬಂದಳು.

"ಕಾಕಾ, ಪುಸ್ತಕಕ್ಕ ಗೆದ್ದಲ ಹತ್ತಾಕತ್ತೈತಿ. ನನ್ನ ಮನ್ಯಾಗ ಇಡಾಕ ಜಾಗಾ ಇಲ್ಲ. ಲಿಲಾವು ಮಾಡ್ಬೇಕಂತೇನಿ. ನೀವ ಕೂಗ್ರಿ. ಬ್ಯಾರೆಯವ್ರು ಕೂಗಿದ್ರ ನನಗ ಕೇಳಾಕ ಆಗೂದಿಲ್ಲ."

ಯಾಕೂಬಸಾಬರು ಒಪ್ಪಿಕೊಂಡರು.

ಪುಣೆ, ಕೊಲ್ಹಾಪುರಗಳಿಂದ ಹಳೆ ಪುಸ್ತಕದ ವ್ಯಾಪಾರಿಗಳು ಬಂದು ಪಡಸಾಲೆಯ ಜಮಖಾನೆಯ ಮೇಲೆ ಕುಳಿತರು. ಯಾಕೂಬಸಾಬರು ತಲೆ ತಗ್ಗಿಸಿಯೇ ಒಂದೊಂದು ಕಪಾಟನ್ನೂ ಕೂಗಿ ಮುಗಿಸಿದರು. ಕೊನೆಯ ಕಪಾಟಿಗೆ ಕೊಲ್ಹಾಪುರದವನ ಬೆಲೆಯೇ ಮೇಲಾಯಿತು.

"ಒಂದ ಸಾರಿ... ಎರಡ ಸಾರಿ..."

ಮೂರನೆಯದನ್ನು ಕೂಗದೆ ಕಪಾಟಿನತ್ತ ತಿರುಗಿದರು. ಮಾಲಾ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ನೀರು ಕುಡಿದ ಯಾಕೂಬಸಾಬರು ಕಪಾಟಿಗೆ ಕೈಹಾಕಿ ಒಂದು ಪುಸ್ತಕ ತೆಗೆದರು. ಕೈಗೆ ಬಂದ ಪುಟ ತೆರೆದು ಓದತೊಡಗಿದರು. ಬಿರುಗಾಳಿಗೆ ಸಿಕ್ಕ ಹಡಗೊಂದರ ವರ್ಣನೆ ಅದು. ವ್ಯಾಪಾರಿಗಳು ಮುಖ ಮುಖ ನೋಡಿಕೊಂಡರು, ಯಾರೂ ತಡೆಯಲಿಲ್ಲ. ಪುಟದ ಕೊನೆಯ ಸಾಲಿನವರೆಗೂ ಓದಿ, ಪುಸ್ತಕವನ್ನು ಇದ್ದಲ್ಲೇ ಇಟ್ಟು, "ಮೂರ ಸಾರಿ" ಎಂದರು.

ಜನ ಎದ್ದ ಮೇಲೆ ಮಾಲಾ ಹತ್ತಿರ ಬಂದಳು. "ಅದೊಂದು ನೀವು ಇಟ್ಕೊಳ್ರಿ ಕಾಕಾ. ನಾ ಅವ್ರಿಗೆ ಕೇಳ್ತೇನಿ."

"ಬ್ಯಾಡವ್ವ. ಕೇಳಾವ್ರ ಹೋದ್ರಲ್ಲ. ಎಲ್ಲಾ ಕೂಡೇ ಹೋಗ್ಲಿ."

ಪುಸ್ತಕ ಹೇರಿದ ಟೆಂಪೊ ಹೊರಡುವ ಮುನ್ನ ಮೇಲೆ ಹೊದಿಸಿದ ತಾಡಪತ್ರಿಯ ಹಗ್ಗವನ್ನು ಅವರೇ ಬಿಗಿದು ಕಟ್ಟಿದರು. ಮನೆಗೆ ಬಂದಾಗ ಹೆಂಡತಿ ರೋಷನಬಿ ರೊಟ್ಟಿ ಬಡಿಸಿ, "ಹ್ಯಾಂಗಾತ್ರಿ?" ಎಂದು ಕೇಳಿದಳು. "ಚಲೋ ಆತು" ಎಂದರು. ಅರ್ಧ ರೊಟ್ಟಿ ತಾಟಿನಲ್ಲೇ ಉಳಿಯಿತು.

ಈಗಲೂ ಕರೆದಲ್ಲಿ ಹೋಗಿ ಲಿಲಾವು ಕೂಗುತ್ತಾರೆ. ಬಸ್ಸಿಳಿದು ಮನೆಗೆ ಹೋಗಲು ವಕೀಲರ ಓಣಿ ಸುತ್ತು ಬೀಳುತ್ತದೆ, ಆದರೂ ಅತ್ತಲೇ ಕಾಲು ಎಳೆಯುತ್ತದೆ. ಆ ಮನೆಗೆ ಬಾಡಿಗೆಗೆ ಬಂದವರು ಹಿಂದೆ ಓದು ನಡೆಯುತ್ತಿದ್ದ ಕೋಣೆಯ ಕಿಟಕಿಗೆ ಹಸಿರು ಪರದೆ ಹಾಕಿದ್ದಾರೆ. ಅದರಡಿ ಬಂದಾಗ ಯಾಕೂಬಸಾಬರ ನಡಿಗೆ ತಾನಾಗಿ ನಿಧಾನವಾಗುತ್ತದೆ.