ಎಂಜಿನ್ ತಿರುಗುವಾಗ ಬಿಚ್ಚಿದ ಬ್ಯಾಟರಿ

ಮಾರ್ಚ್ 9, ಭಾನುವಾರ. ಬೆಳಗ್ಗೆ 6.20ಕ್ಕೆ ಬರೆಯಲು ಕೂತೆ.

ಮೇಸ್ತ್ರಿಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ವೈರಿನ ಸಿಪ್ಪೆಯನ್ನು ಆ ಸೀಳಿಗೆ ಸಿಕ್ಕಿಸಿ ಎಳೆದರೆ ಒಳಗಿನ ತಾಮ್ರದ ಒಂದೆಳೆಯೂ ತುಂಡಾಗುತ್ತಿರಲಿಲ್ಲ. ಜವನಗೊಂಡನಹಳ್ಳಿಯಲ್ಲಿ ಟ್ರಾಕ್ಟರ್ ವೈರಿಂಗ್ ಅವರ ಕಸುಬು. ಮಾರಿಕಣಿವೆಯ ಹಿನ್ನೀರಿನಲ್ಲಿ ಮೀನು ಹಿಡಿಯುವ ನನ್ನ ದೋಣಿಗೆ, ನೀರಿನ ತಳ ತೋರಿಸುವ ಯಂತ್ರ ಕೂರಿಸಲು ಬಂದಿದ್ದರು.

ಮೋಟಾರಿನಿಂದ ಬರುವ ಎರಡು ವೈರನ್ನು ನೇರವಾಗಿ ಯಂತ್ರಕ್ಕೇ ಕೊಡಿ ಎಂದೆ.

“ಏನವ್ವ, ತೂಬಿಗೇ ಬಾಯಿಟ್ಟು ಕುಡೀತೀಯಾ? ಮೋಟಾರು ಜೋರಾದಂಗೆ ಕರೆಂಟೂ ಏರ್ತೈತೆ. ಮೊದ್ಲು ರೆಗ್ಯುಲೇಟರ್, ಆಮೇಲೆ ಬ್ಯಾಟರಿ. ಬ್ಯಾಟರಿ ಅಂದ್ರೆ ಕೆರೆ. ಕೆರೆ ತುಂಬ್ಸು, ಕೆರೆಯಿಂದ ಕುಡಿ.”

ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಹಾಕಿದರು. ಕೈ ಒರೆಸಿಕೊಳ್ಳುತ್ತಾ, “ನನ್ನೂ ಕರ್ಕೊಂಡು ಹೋಗ್ತೀಯಾ? ತಳದಾಗೆ ಒಂದು ದೋಣಿ ಹುಡುಕ್ಬೇಕು” ಎಂದರು.

ಆರು ವರ್ಷದ ಹಿಂದೆ ಒಂದು ಮುಸ್ಸಂಜೆ ಅವರ ತಮ್ಮನ ನೀಲಿ ದೋಣಿ ಬಂಡೆಗೆ ಬಡಿದು ಮುಳುಗಿತ್ತು. ದೇಹ ಸಿಕ್ಕಿತು, ದೋಣಿ ಸಿಗಲಿಲ್ಲ. ದೀಪ ಆರಿದ್ದನ್ನು ದಡದವರು ಕಂಡಿದ್ದರು. ಆ ದೀಪಕ್ಕೆ ಮೋಟಾರಿನಿಂದ ನೇರ ವೈರ್ ಎಳೆದಿದ್ದವರು ಇದೇ ಮೇಸ್ತ್ರಿ.

“ಬಲ್ಬು ಸುಟ್ಟು ಕತ್ಲಾಗಿ ಬಡೀತೋ, ಬಡಿದ ಮೇಲೆ ಆರಿತೋ? ಬಲ್ಬು ಸಿಕ್ರೆ ಹೇಳ್ತೀನಿ. ಗಾಜು ಕಪ್ಪಾಗಿದ್ರೆ ಕೊಂದೋನು ನಾನು.”

ಹಿನ್ನೀರಿನ ನಕ್ಷೆಯನ್ನು 64 ಚೌಕ ಮಾಡಿದೆ. ಇಪ್ಪತ್ಮೂರು ಭಾನುವಾರದಲ್ಲಿ 41 ಚೌಕ ಮುಗಿದವು. ಯಂತ್ರದ ತೆರೆಯ ಮೇಲೆ ಏನಾದರೂ ಉಬ್ಬಿ ಕಂಡರೆ ನಾನು ಕೂಗುತ್ತಿದ್ದೆ. “ಸುಮ್ನಿರವ್ವ, ಅದು ನಿನ್ನ ಮೀನು, ನನ್ನ ದೋಣಿ ಅಲ್ಲ,” ಎನ್ನುತ್ತಿದ್ದರು.

ಇಪ್ಪತ್ನಾಲ್ಕನೇ ಭಾನುವಾರ ಪಕ್ಕದ ದೋಣಿಯವನ ಬ್ಯಾಟರಿ ಸತ್ತಿತ್ತು. “ನಿಂದು ಹೆಂಗೂ ಸ್ಟಾರ್ಟ್ ಆಗೈತಲ್ಲ, ಒಂದ್ಗಳಿಗೆ ಬ್ಯಾಟರಿ ಕೊಡು!” ಎಂದು ಕೂಗಿದ. ನಮ್ಮ ಮನೆಯ ಎರಡು ಟ್ರಾಕ್ಟರಿಗೆ ಇರುವುದು ಒಂದೇ ಬ್ಯಾಟರಿ. ಒಂದನ್ನು ಸ್ಟಾರ್ಟ್ ಮಾಡಿ, ಅದು ಓಡುತ್ತಿರುವಾಗಲೇ ಬಿಚ್ಚಿ ಇನ್ನೊಂದಕ್ಕೆ ಹಾಕುವುದು ರೂಢಿ. ಇಲ್ಲೂ ಹಾಗೇ ಬಿಚ್ಚಿದೆ. ಮೇಸ್ತ್ರಿ “ಏ ಬ್ಯಾಡ!” ಎನ್ನುವಷ್ಟರಲ್ಲಿ ತೆರೆ ಬೆಳ್ಳಗಾಗಿ, ಸುಟ್ಟ ವಾಸನೆ ಬಂತು.

ಕೆರೆಯನ್ನೇ ತೆಗೆದುಬಿಟ್ಟಿದ್ದೆ. ಹೋಗಲು ಜಾಗವಿಲ್ಲದೆ ಏರಿದ ಕರೆಂಟು ರೆಗ್ಯುಲೇಟರನ್ನೂ ಯಂತ್ರವನ್ನೂ ಸುಟ್ಟಿತ್ತು.

“ಟ್ರಾಕ್ಟರ್ ಬುದ್ಧಿ ನೀರಿಗೂ ತಂದ್ಯಲ್ಲವ್ವ, ಅದ್ರಾಗೆ ಸುಡೋಕೆ ಇಂಥ ಯಂತ್ರ ಎಲ್ಲೈತೆ?” ಎಂದರು. ದಡದಲ್ಲಿ ಇಳಿಯುವಾಗ ನನ್ನ ಮುಖ ನೋಡಿ, “ಅಳಬ್ಯಾಡ. ಎಂಜಿನ್ ತಿರುಗುವಾಗ ಬಿಚ್ಚಬಾರದು ಅಂತ ನಾನೇ ಹೇಳಿರ್ಲಿಲ್ಲ. ತಪ್ಪು ನಂದು” ಎಂದರು.

ಅದನ್ನೂ ಅವರೇ ಹೊತ್ತುಕೊಂಡರು.

ಹೊಸ ಯಂತ್ರ ಬರಲು ಇಪ್ಪತ್ತಾರು ದಿನ ಹಿಡಿಯಿತು. ಹತ್ತೊಂಬತ್ತನೇ ದಿನ ಅಂಗಡಿಯಲ್ಲಿ ಕೂತಲ್ಲೇ ಎದೆನೋವು ಬಂದು ಮೇಸ್ತ್ರಿ ತೀರಿಕೊಂಡರು.

ಯಂತ್ರವನ್ನು ಅವರು ಕಲಿಸಿದ ಕ್ರಮದಲ್ಲೇ ನಾನೇ ಕೂರಿಸಿದೆ. ಆಮೇಲೆ ಒಬ್ಬಳೇ ಆರು ಚೌಕ ಮುಗಿಸಿದೆ; ಇನ್ನು 17 ಚೌಕ ಉಳಿದಿವೆ. ಹೊಸದುರ್ಗದ ಕಡೆಯ ಹಿನ್ನೀರಿನಲ್ಲಿ ಬಲೆ ಬೀಸುವವರು ಯಾರಾದರೂ ಇದನ್ನು ಓದಿದರೆ, ತಳದಲ್ಲಿ ನೀಲಿ ಬಣ್ಣದ ದೋಣಿಗೆ ಬಲೆ ಸಿಕ್ಕಿದ ನೆನಪಿದ್ದರೆ, ದಯವಿಟ್ಟು ನನಗೊಂದು ಕಾಗದ ಹಾಕಿ. ಬಲ್ಬು ಸಿಕ್ಕಿದ್ದರೆ ಅದರ ಗಾಜು ಹೇಗಿತ್ತೋ ಹಾಗೇ ಬರೆಯಿರಿ. ನನ್ನ ಸಮಾಧಾನಕ್ಕೆಂದು ಬದಲಿಸಬೇಡಿ.